ಮೊದಲ ರಾಕ್ ಸೋಲೋ ಯಾವುದು ಕಲಿಯಲಿ? ಅನುಭವ ಇದ್ದವರು ಹೇಳಿ

ಪುಟ್ಟಬೆರಳು: ಗಿಟಾರಿನ ಕಾರ್ಡ್‌ಗಳು (ಸ್ವರಗುಚ್ಛ) ಬರುತ್ತವೆ. ಪೆಂಟಾಟಾನಿಕ್, ಅಂದರೆ ಐದು ಸ್ವರದ ಸ್ಕೇಲ್, ಕೂಡ ಕೈಗೆ ಕೂತಿದೆ. ಈಗ ಒಂದು ರಾಕ್ ಸೋಲೋ ಮೊದಲಿಂದ ಕೊನೆವರೆಗೆ ಕಲಿಯುವ ಆಸೆ. ನನ್ನ ಬೆರಳು ಗಿಡ್ಡ. ಗಿಟಾರಿಗೆ ವ್ಯಾಮಿ ಬಾರ್ (ಸ್ವರ ಅಲುಗಿಸುವ ಸರಳು) ಇಲ್ಲ. ಜೊತೆಗೆ ನುಡಿಸುವವರೂ ಇಲ್ಲ, ಒಬ್ಬಳೇ. ನಿಮಗೆ ತುಂಬಾ ಇಷ್ಟವಾದ ಸೋಲೋ ಯಾವುದು, ಅದಕ್ಕಾಗಿ ಏನೇನು ಪಾಡುಪಟ್ಟಿರಿ, ಸ್ವಲ್ಪ ಹೇಳಿ.

ಹಳೇ ಆಂಪ್: ಇದರಲ್ಲಿ ಕೇಳೋದೇನಿದೆ ಸರ್? ಪಿಂಕ್ ಫ್ಲಾಯ್ಡ್‌ನ ‘ಕಂಫರ್ಟಬ್ಲಿ ನಂಬ್’, 1979, ಗಿಟಾರ್ ಡೇವಿಡ್ ಗಿಲ್ಮೋರ್. ಅದರಲ್ಲಿ ಸೋಲೋ ಎರಡಿವೆ. ನಾನು ಹೇಳುತ್ತಿರುವುದು ಕೊನೆಯದು, ಬಿ ಮೈನರ್‌ನಲ್ಲಿ ಬರೋದು. ಟ್ಯಾಬ್ (ಗಿಟಾರ್ ಬರಹ) ನೋಡಿದರೆ ಇಷ್ಟೇನಾ ಅನ್ನಿಸುತ್ತದೆ. ಬೆಂಡ್ ಮಾಡಲು, ಅಂದರೆ ತಂತಿ ಎಳೆದು ಸ್ವರ ಏರಿಸಲು, ಹೋದಾಗ ಗೊತ್ತಾಗುತ್ತದೆ. ತಂತಿ ಕೂದಲೆಳೆಯಷ್ಟು ಕಡಿಮೆ ಏರಿದರೂ ಅಪಸ್ವರ.

ಆ ಸೌಂಡ್ ಬರಲಿ ಅಂತ ಮೊದಲು ಫಝ್ ಪೆಡಲ್ (ಸದ್ದು ಒರಟಾಗಿಸುವುದು) ಕೊಂಡೆ. ಬರೀ ಗುಂಯ್ ಅಂತಿತ್ತು. ಸದ್ದು ಸಮ ಮಾಡುವ ಕಂಪ್ರೆಸರ್ ಕೊಂಡೆ. ಆಮೇಲೆ ಪ್ರತಿಧ್ವನಿ ಕೊಡುವ ಡಿಲೇ. ಡಿಲೇ ಬಂದ ಮೇಲೆ ಹಮ್ ಶುರುವಾಯಿತು, ಅದನ್ನು ಹೋಗಲಾಡಿಸಲು ಬೇರೆ ಪವರ್ ಸಪ್ಲೈ. ತಂತಿಯ ದಪ್ಪ 9ರಿಂದ 10ಕ್ಕೆ, 10ರಿಂದ 11ಕ್ಕೆ ಏರಿಸಿದೆ. ಉಂಗುರ ಬೆರಳಿನ ಚರ್ಮ ಸುಲಿದು ಬಂತು. ದಪ್ಪ ತಂತಿ ಕೂರಲಿ ಅಂತ ನಟ್ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಉಜ್ಜಿಸಿದೆ. ತಡೆಯಲಾರದೆ ಮತ್ತೆ 10ಕ್ಕೆ ಇಳಿದರೆ ತಂತಿ ಆ ಕಚ್ಚಿನಲ್ಲಿ ಅಲ್ಲಾಡತೊಡಗಿತು. ಹೊಸ ನಟ್ ಹಾಕಿಸಿದ್ದಾಯಿತು. ಯಾವುದೂ ದಂಡವಲ್ಲ. ಕಲಿತರೆ ಇದನ್ನೇ ಕಲಿಯಬೇಕು.

ಬೆಂಕಿಕೈ: ಹಳೇ ಆಂಪ್ ಅವರೇ, ಮಲಗಿಸುವ ಸೋಲೋ ಕೇಳಿಲ್ಲ ಅವರು. ‘ಇರಪ್ಷನ್’, 1978. ಎಡ್ಡಿ ವ್ಯಾನ್ ಹೇಲನ್. 1 ನಿಮಿಷ 42 ಸೆಕೆಂಡಿನಲ್ಲಿ ಗಿಟಾರ್ ಲೋಕವೇ ತಲೆಕೆಳಗಾಯಿತು.

ನನ್ನ ಗಿಟಾರಿಗೂ ಬಾರ್ ಇರಲಿಲ್ಲ. ಹಾಗಂತ ಸುಮ್ನೆ ಕೂತೆನಾ? ಬಾಡಿ ಕೊರೆಸಿ ಲಾಕಿಂಗ್ ಟ್ರೆಮೊಲೊ (ತಂತಿ ಬಿಗಿಹಿಡಿಯುವ ಬಾರ್) ಹಾಕಿಸಿದೆ. ಕೊರೆದವನು ಒಂದು ಕಡೆ ಆಳ ಜಾಸ್ತಿ ಮಾಡಿಬಿಟ್ಟ. ತಂತಿ ಕೂರುವ ಬ್ರಿಡ್ಜ್ ಓರೆಯಾಗಿ ಕೂತಿತು. ಒಂದು ತಂತಿ ಶ್ರುತಿ ಮಾಡಿದರೆ ಉಳಿದ ಐದೂ ಇಳಿಯುತ್ತಿದ್ದವು. ಹಿಂದೆ ಸ್ಪ್ರಿಂಗ್ ಕೂಡಿಸು, ಕಳೆ, ಇದೇ ಕೆಲಸ. ಟ್ಯಾಪಿಂಗ್ (ಬಲಗೈ ಬೆರಳಿಂದಲೂ ತಂತಿ ತಟ್ಟಿ ನುಡಿಸೋದು) ಮಾಡಿ ಮಾಡಿ ಮಣಿಕಟ್ಟಿನ ನರ ಊದಿಕೊಂಡಿತು. ಗಿಟಾರ್ ಮುಟ್ಟಬೇಡ ಅಂದರು ಡಾಕ್ಟರ್. ಚಹಾ ಲೋಟ ಎತ್ತಿದರೂ ನೋವು. ಆದರೆ ಇವತ್ತು ಆ ಟ್ಯಾಪಿಂಗ್ ಭಾಗ ನುಡಿಸಿದರೆ ರೂಮಿನಲ್ಲಿ ಎಲ್ಲರೂ ಬಾಯಿ ಮುಚ್ಚುತ್ತಾರೆ.

ಹಳೇ ಆಂಪ್: ಮುಗಿಯಲಿ ಅಂತ ಕಾಯುತ್ತಿರುತ್ತಾರೆ. ಇನ್ನೊಂದು ವಿಷಯ. ಆ ರೆಕಾರ್ಡಿಂಗ್ ಸಮಯದಲ್ಲಿ ಎಡ್ಡಿ ಗಿಟಾರಿನಲ್ಲಿ ಲಾಕಿಂಗ್ ಬಾರ್ ಇರಲೇ ಇಲ್ಲ, ಫೆಂಡರ್ ಸ್ಟ್ರಾಟ್ ಗಿಟಾರ್ ಥರದ ಸಾದಾ ಬಾರ್ ಇತ್ತು. ಗಿಟಾರ್ ಕೊರೆಸಿದ್ದು ಯಾತಕ್ಕೆ?

ಬೆಂಕಿಕೈ: ನಿಮ್ಮ ಗಿಲ್ಮೋರ್ ಐದಾರು ಸಲ ರೆಕಾರ್ಡ್ ಮಾಡಿ, ಚೆನ್ನಾಗಿದ್ದ ತುಂಡುಗಳನ್ನು ಆರಿಸಿ ಜೋಡಿಸಿದ್ದು. ಅವರೇ ಹೇಳಿದ್ದಾರೆ. ಅದು ದರ್ಜಿ ಕೆಲಸ.

ಹಳೇ ಆಂಪ್: ಆರಿಸೋಕೆ ಕಿವಿ ಬೇಕು. ಅದು ಕೊರೆಸಿದರೆ ಬರೋದಿಲ್ಲ.

ಪಿಕ್ ಬೇಡ: ಇಬ್ಬರೂ ಸ್ವಲ್ಪ ನಿಲ್ಲಿಸಿ. ಡೈರ್ ಸ್ಟ್ರೇಟ್ಸ್‌ನ ‘ಸುಲ್ತಾನ್ಸ್ ಆಫ್ ಸ್ವಿಂಗ್’ ಹೆಸರು ಯಾರೂ ಎತ್ತಲಿಲ್ಲ, ಆಶ್ಚರ್ಯ. ಮಾರ್ಕ್ ನಾಪ್ಫ್ಲರ್ ಅದನ್ನು ಪಿಕ್ ಇಲ್ಲದೆ, ಬೆರಳಲ್ಲೇ ನುಡಿಸಿದ್ದು. ಎಡಗೈ ಮನುಷ್ಯ, ಬಲಗೈಯವರ ಹಾಗೆ ನುಡಿಸುತ್ತಾರೆ. ಕೊನೆಯ ಆ ಓಡುವ ಆರ್ಪೆಜಿಯೋ (ಕಾರ್ಡ್‌ನ ಸ್ವರಗಳನ್ನು ಬಿಡಿಬಿಡಿಯಾಗಿ ನುಡಿಸೋದು) ಸಲುವಾಗಿ ನಾನು ಉಗುರು ಬೆಳೆಸಿದೆ, ಮುರಿಯಿತು. ಅಂಟಿಸುವ ಉಗುರು ಹಾಕಿಸಿದೆ, ಹಾಡಿನ ನಡುವೆ ಹಾರಿ ಹೋಯಿತು. ಅದರ ಜೊತೆ ನಿಜವಾದ ಉಗುರಿನ ಮೇಲ್ಪದರವೂ ಎದ್ದು ಬಂತು. ಈಗ ಬರೀ ಬೆರಳ ತುದಿ. ಪಿಕ್ ಹಿಡಿದು ಈ ಸೋಲೋ ನುಡಿಸುವವರನ್ನು ನಾನು ಲೆಕ್ಕಕ್ಕೆ ಇಟ್ಟಿಲ್ಲ.

ನಾಣ್ಯ: ಹಾಗಾದರೆ ಕ್ವೀನ್ ಬ್ಯಾಂಡಿನ ಬ್ರಯನ್ ಮೇ ಅವರನ್ನೂ ಲೆಕ್ಕಕ್ಕೆ ಇಟ್ಟಿಲ್ಲವೇನೋ. ಅಪ್ಪನ ಜೊತೆ ಸೇರಿ ಹಳೇ ಒಲೆಗೂಡಿನ ಮರದಲ್ಲಿ ಗಿಟಾರ್ ಕಟ್ಟಿಕೊಂಡು, ಆರು ಪೆನ್ಸ್ ನಾಣ್ಯದಲ್ಲಿ ನುಡಿಸಿದವರು. ‘ಬೊಹೀಮಿಯನ್ ರಾಪ್ಸಡಿ’ ಸೋಲೋ ಚಿಕ್ಕದು, ಹಾಡಬಹುದಾದದ್ದು. ನಾನೂ ನಾಣ್ಯ ಹಿಡಿದೆ. ಸಣ್ಣ ತಂತಿ ಬೇಗ ಬೇಗ ಹರಿದವು, ಪಿಕ್‌ಗಾರ್ಡ್ ತುಂಬಾ ಗೀರು. ಆದರೂ ಬಿಟ್ಟಿಲ್ಲ.

ಪಿಕ್ ಬೇಡ: ಮೇ ವಿಷಯ ನಾನು ಎತ್ತಿಯೇ ಇಲ್ಲ.

ಜೋಡಿ ತಪ್ಪಿದವ: ಈಗಲ್ಸ್‌ನ ‘ಹೋಟೆಲ್ ಕ್ಯಾಲಿಫೋರ್ನಿಯಾ’. 1976. ಗಿಟಾರ್ ಡಾನ್ ಫೆಲ್ಡರ್, ಜೋ ವಾಲ್ಶ್. ಸ್ಟುಡಿಯೋದಲ್ಲಿ ಫೆಲ್ಡರ್ ಹೊಸದಾಗಿ ಏನೋ ನುಡಿಸಲು ಹೊರಟರೆ, ಹಾಡುಗಾರ ಡಾನ್ ಹೆನ್ಲಿ ಬೇಡ, ಡೆಮೊದಲ್ಲಿ (ಮೊದಲು ಮಾಡಿದ ಮಾದರಿ ರೆಕಾರ್ಡಿಂಗ್) ಇದ್ದ ಹಾಗೇ ಬೇಕು ಅಂತ ಹಟ ಹಿಡಿದರು. ಫೆಲ್ಡರ್ ಮನೆಗೆಲಸದವರಿಗೆ ಫೋನ್ ಮಾಡಿ, ಕ್ಯಾಸೆಟ್ ಹಾಕಿಸಿ, ಫೋನಿನಲ್ಲೇ ಕೇಳಿಸಿಕೊಂಡು ಕಲಿತರು. ತಾನೇ ನುಡಿಸಿದ್ದನ್ನು ತಾನೇ ಮತ್ತೆ ಕಲಿಯೋದು ಅಂದರೆ ನೋಡಿ.

ನಾನು, ನನ್ನ ಗೆಳೆಯ ಸೇರಿ ಕಲಿತೆವು. ಕೊನೆಯ ಹಾರ್ಮನಿಯಲ್ಲಿ ಮೇಲಿನ ಭಾಗ ಯಾರದ್ದು ಅನ್ನೋದೇ ಜಗಳ. ನಾನು ಮೇಲಿನದು ಪೂರ್ತಿ ಕಲಿತು ಬಂದಿದ್ದೆ. ಅವನೂ ಅದನ್ನೇ ಕಲಿತು ಬಂದಿದ್ದ. ಬೇಕಂತಲೇ. ಬ್ಯಾಂಡ್ ಮುರಿಯಿತು, ಡ್ರಮ್ಮರ್ ಅವನ ಕಡೆ ಹೋದ. ಈಗ ಲೂಪರ್‌ನಲ್ಲಿ (ನುಡಿಸಿದ್ದನ್ನೇ ಮತ್ತೆ ಮತ್ತೆ ಕೇಳಿಸುವ ಪೆಡಲ್) ಕೆಳಗಿನದು ಹಾಕಿಕೊಂಡು ಮೇಲಿನದು ನಾನೇ ನುಡಿಸುತ್ತೇನೆ.

ಬೆಂಕಿಕೈ: ಕೆಳಗಿನದು ನುಡಿಸಿದ್ದರೆ ಏನಾಗುತ್ತಿತ್ತು ಮಾರಾಯ?

ಜೋಡಿ ತಪ್ಪಿದವ: ನಿಮ್ಮನ್ನು ಕೇಳಿಲ್ಲ.

ಸುಮ್ನೆ ಕೇಳುಗ: 1971. ಫಂಕಡೆಲಿಕ್‌ನ ‘ಮ್ಯಾಗಟ್ ಬ್ರೇನ್’. ಗಿಟಾರ್ ಎಡ್ಡಿ ಹೇಜಲ್. ಹತ್ತು ನಿಮಿಷದ ಸೋಲೋ. ಇಷ್ಟು ಜನ ಇದ್ದೂ ಒಬ್ಬರೂ ಹೇಳಲಿಲ್ಲ. ನಿಮ್ಮೆಲ್ಲರ ಪಟ್ಟಿಯೂ ರೇಡಿಯೋದಲ್ಲಿ ಬಂದದ್ದಷ್ಟೇ.

ಪುಟ್ಟಬೆರಳು: ಸರ್ ಅಲ್ಲ, ಮೇಡಂ. ಬಾರ್ ಇಲ್ಲ ಅಂದೆ, ಬಾರ್ ಹಾಕಿಸಿ ಅಂದಿರಿ. ಒಬ್ಬಳೇ ಅಂದೆ, ಇಬ್ಬರು ನುಡಿಸೋದು ಹೇಳಿದಿರಿ. ಬೆರಳಿನ ಮಾತು ಯಾರೂ ಆಡಲಿಲ್ಲ.

ಹಳೇ ಆಂಪ್: ಬೆರಳು ನೆಪ ಮೇಡಂ. ಬ್ಲ್ಯಾಕ್ ಸಬ್ಬತ್‌ನ ಗಿಟಾರಿಸ್ಟ್ ಟೋನಿ ಐಯೋಮಿ ಕಾರ್ಖಾನೆಯಲ್ಲಿ ಎರಡು ಬೆರಳ ತುದಿ ಕಳೆದುಕೊಂಡರು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಟೊಪ್ಪಿಗೆ ಮಾಡಿ ಹಾಕಿಕೊಂಡು ನುಡಿಸಿದರು.

ಮೂರನೇ ಫ್ರೆಟ್: ಅವರು ತೆಳು ತಂತಿಗೂ ಬದಲಾದರು, ಆಮೇಲೆ ಶ್ರುತಿಯನ್ನೂ ಇಳಿಸಿದರು, ಅದನ್ನು ಯಾಕೆ ಬಿಟ್ಟಿರಿ? ಮೇಡಂ, 9ರ ತಂತಿ ಹಾಕಿ. ಅರ್ಧ ಸ್ವರ ಇಳಿಸಿದರೆ ಬೆಂಡ್ ಇನ್ನೂ ಹಗುರ. ಗಿಬ್ಸನ್ ಥರದ ಗಿಟಾರ್ ಆದರೆ ಸ್ಕೇಲ್ (ನುಡಿಯುವ ತಂತಿಯ ಉದ್ದ) 24.75 ಇಂಚು, ಫೆಂಡರ್ ಥರದ್ದು 25.5. ಗಿಡ್ಡ ಬೆರಳಿಗೆ ಮೊದಲನೆಯದು ಸಲೀಸು. ಸೋಲೋ ಬೇಕಾದರೆ ನಿರ್ವಾಣ ಬ್ಯಾಂಡಿನ ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’. ಕರ್ಟ್ ಕೊಬೇನ್ ಅಲ್ಲಿ ಹಾಡಿನ ಧಾಟಿಯನ್ನೇ ನುಡಿಸಿದ್ದಾರೆ. ಹಾಡು ಬಾಯಿಗೆ ಬಂದರೆ ಅರ್ಧ ಸೋಲೋ ಬಂದ ಹಾಗೆ. ಬಾರ್ ಬೇಡ, ಜೋಡಿ ಬೇಡ.

ಬೆಂಕಿಕೈ: ಅದನ್ನು ಸೋಲೋ ಅಂತಾರಾ?

ಹಳೇ ಆಂಪ್: ಇದೊಂದರಲ್ಲಿ ಬೆಂಕಿಕೈ ಹೇಳೋದು ಸರಿ.

ಪುಟ್ಟಬೆರಳು: ಅದನ್ನೇ ಶುರು ಮಾಡಿದ್ದೇನೆ. ಮೊದಲ ಸಾಲು ಆಗಲೇ ಬಂತು.

ಹಳೇ ಆಂಪ್: ಕೋರಸ್ ಪೆಡಲ್ ಇದೆಯಾ ನಿಮ್ಮ ಹತ್ತಿರ?