ಪ್ರಶ್ನೋತ್ತರ: ರಕ್ತ ತೆಗೆಯುವ ತರಬೇತಿ ಕೇಂದ್ರಕ್ಕೆ ಮಾನ್ಯತೆ ಪಡೆಯುವುದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ಯಶವಂತಪುರದಲ್ಲಿ ನಮ್ಮದೊಂದು ಚಿಕ್ಕ ಲ್ಯಾಬ್ ಇದೆ. ಮೇಲಿನ ಮಹಡಿ ಖಾಲಿ ಬಿದ್ದಿದೆ. ಅಲ್ಲಿ ಪಿಯುಸಿ ಮುಗಿಸಿದ ಮಕ್ಕಳಿಗೆ ಫ್ಲೆಬಾಟಮಿ, ಅಂದ್ರೆ ರಕ್ತದ ಸ್ಯಾಂಪಲ್ ತೆಗೆಯುವುದನ್ನು ಕಲಿಸಬೇಕು ಅಂತಿದ್ದೇವೆ. ಮೂರ್ನಾಲ್ಕು ತಿಂಗಳ ಕೋರ್ಸ್, 20 ಜನರ ಬ್ಯಾಚ್. ಒಬ್ಬ ಏಜೆಂಟ್ ಬಂದು, "ಟ್ರಸ್ಟ್ ಮಾಡಿಸಿ, ಐಎಸ್‌ಒ ಸರ್ಟಿಫಿಕೇಟ್ ಕೊಡಿಸ್ತೀನಿ, ಸರ್ಕಾರಿ ಮಾನ್ಯತೆ ಅಂತ ಬೋರ್ಡ್ ಹಾಕ್ಕೊಳ್ಳಿ" ಅಂದ. ಇದು ಸರೀನಾ?

ಉತ್ತರ: ಸರಿಯಲ್ಲ ಸರ್. ದಯವಿಟ್ಟು ಆ ಬೋರ್ಡ್ ಹಾಕಬೇಡಿ. ಟ್ರಸ್ಟ್ ನೋಂದಣಿ ಅಂದ್ರೆ ನಿಮ್ಮ ಸಂಸ್ಥೆ ಇದೆ ಅನ್ನುವುದಕ್ಕೆ ದಾಖಲೆ, ಅಷ್ಟೇ. ಸಣ್ಣ ಉದ್ದಿಮೆಗಳಿಗೆ ಮಾಡಿಸುವ ಉದ್ಯಮ್ ನೋಂದಣಿಯೂ ಹಾಗೇ. ಐಎಸ್‌ಒ 9001 ಸಂಸ್ಥೆ ನಡೆಸುವ ಕ್ರಮಕ್ಕೆ ಸಂಬಂಧಿಸಿದ್ದು. ಇದರಲ್ಲಿ ಯಾವುದೂ ಕೋರ್ಸಿಗೆ ಸಿಕ್ಕ ಮಾನ್ಯತೆ ಅಲ್ಲ.

ನಮ್ಮಲ್ಲಿಗೆ ಕೆಲಸ ಕೇಳಿಕೊಂಡು ಹಾಸನದ ಕಡೆಯ ಹುಡುಗಿಯೊಬ್ಬಳು ಬಂದಿದ್ದಳು. ಕೈಯಲ್ಲಿ ದೊಡ್ಡ ಮುದ್ರೆಯ ಸರ್ಟಿಫಿಕೇಟ್. ಫೀಸಿಗಾಗಿ ಅವರಮ್ಮ ಓಲೆ ಅಡ ಇಟ್ಟಿದ್ದರಂತೆ. ಆದರೆ ರಬ್ಬರ್ ಕೈ ಬಿಟ್ಟರೆ ಅವಳು ಒಬ್ಬ ಮನುಷ್ಯನಿಗೂ ಸೂಜಿ ಚುಚ್ಚಿರಲಿಲ್ಲ. ಅವತ್ತಿನಿಂದ ನನಗೆ ಇಂಥ ಬೋರ್ಡ್ ಕಂಡರೆ ಹೊಟ್ಟೆ ಉರಿಯುತ್ತದೆ.

ಈಗ ದಾರಿ ಹೇಳುತ್ತೇನೆ. ರಾಜ್ಯದ ಪ್ಯಾರಾ ಮೆಡಿಕಲ್ ಬೋರ್ಡ್ ಇರುವುದು ಡಿಎಂಎಲ್‌ಟಿ, ಅಂದ್ರೆ ಲ್ಯಾಬ್ ಟೆಕ್ನಾಲಜಿ ಡಿಪ್ಲೊಮಾ, ಅಂಥ ಕೋರ್ಸ್‌ಗಳಿಗೆ. ಅಲೈಡ್ ಹೆಲ್ತ್‌ಕೇರ್, ಅಂದ್ರೆ ಲ್ಯಾಬ್ ಟೆಕ್ನಿಷಿಯನ್‌ನಂಥ ವೃತ್ತಿಗಳ ಬಗ್ಗೆ 2021ರಲ್ಲಿ ಕೇಂದ್ರದ ಕಾಯ್ದೆ ಬಂತಲ್ಲ, ಅದರಲ್ಲೂ ಕನಿಷ್ಠ 2000 ಗಂಟೆಯ ಕಲಿಕೆ, ಎರಡರಿಂದ ನಾಲ್ಕು ವರ್ಷದ ಅವಧಿ ಅಂತಿದೆ. ನಿಮ್ಮ ಮೂರ್ನಾಲ್ಕು ತಿಂಗಳು ಅದರೊಳಗೆ ಕೂರುವುದಿಲ್ಲ. ನಿಮಗೆ ಹೊಂದುವುದು ಕೌಶಲ್ಯ ತರಬೇತಿಯ ದಾರಿ. ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ನಲ್ಲಿ ಫ್ಲೆಬಾಟಮಿಸ್ಟ್ ಕೆಲಸಕ್ಕೆಂದೇ ಪಠ್ಯ ಇದೆ. ಇಂಥ ಕೌನ್ಸಿಲ್‌ಗಳ ಮೇಲೆ ಕೇಂದ್ರದ ಎನ್‌ಸಿವಿಇಟಿ, ಅಂದ್ರೆ ವೃತ್ತಿ ಶಿಕ್ಷಣ ಮತ್ತು ತರಬೇತಿಯ ನಿಯಂತ್ರಣ ಮಂಡಳಿ ಇದೆ. ಸ್ಕಿಲ್ ಇಂಡಿಯಾ ಡಿಜಿಟಲ್ ಹಬ್ ಅನ್ನುವ ಸರ್ಕಾರಿ ಪೋರ್ಟಲ್ ಮೂಲಕ ತರಬೇತಿ ಕೇಂದ್ರವಾಗಿ ಅರ್ಜಿ ಹಾಕಿ. ಕೊಠಡಿ, ಸಾಮಾನು, ಕಲಿಸುವವರ ಅರ್ಹತೆ ಎಲ್ಲ ನೋಡುತ್ತಾರೆ. ಕೊನೆಯ ಪರೀಕ್ಷೆಗೆ ಹೊರಗಿನ ಅಸೆಸರ್ ಬರುತ್ತಾರೆ. ನೀವೇ ಕಲಿಸಿ ನೀವೇ ಪಾಸ್ ಮಾಡುವ ಹಾಗಿಲ್ಲ. ಸರ್ಕಾರದ ಖರ್ಚಿನಲ್ಲಿ ಕಲಿಸುವ ಆಸೆ ಇದ್ದರೆ ಕರ್ನಾಟಕ ಕೌಶಲ್ಯ ಅಭಿವೃದ್ಧಿ ನಿಗಮದಲ್ಲಿ ಬೇರೆಯಾಗಿ ವಿಚಾರಿಸಿ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಮೇಡಂ. ಪ್ರಾಕ್ಟಿಕಲ್‌ಗೆ ನಮ್ಮ ಲ್ಯಾಬೇ ಸಾಕಲ್ವಾ? ದಿನಕ್ಕೆ 15-20 ಜನ ಬರುತ್ತಾರೆ.

ಉತ್ತರ: ಸಾಕಾಗಲ್ಲ ಸರ್. ಲೆಕ್ಕ ಹಾಕಿ ನೋಡಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಈ ಕೆಲಸಕ್ಕೆ ರಾಜ್ಯದ ಸರ್ಟಿಫಿಕೇಟ್ ಬೇಕೇ ಬೇಕು. ಹೊಸಬರಿಗೆ 40 ಗಂಟೆ ಪಾಠ, 40 ಗಂಟೆ ಪ್ರಾಕ್ಟಿಕಲ್. ಜೊತೆಗೆ ಕನಿಷ್ಠ 50 ಸಲ ರಕ್ತನಾಳದಿಂದ, 10 ಸಲ ಬೆರಳಿನಂಥ ಕಡೆ ಚರ್ಮ ಚುಚ್ಚಿ ರಕ್ತ ತೆಗೆದಿರಬೇಕು. ಅದು ನಮಗೆ ಕಾನೂನಲ್ಲ, ಆದರೆ ಒಳ್ಳೆಯ ಅಳತೆ. 20 ಮಕ್ಕಳಿಗೆ 50ರಂತೆ 1000 ಆಯ್ತು. ನಿಮ್ಮಲ್ಲಿಗೆ ಬರುವವರೆಲ್ಲ ಹೊಸಬರ ಕೈಗೆ ತಮ್ಮ ಕೈ ಕೊಡುತ್ತಾರಾ? ಪುಟ್ಟ ಮಕ್ಕಳು, ನರವೇ ಸಿಗದ ವಯಸ್ಸಾದವರು ಇರುತ್ತಾರೆ. ಅವರ ಮೇಲೆ ಕಲಿಯಲು ಬಿಡಲೂಬಾರದು.

ಹಾಗಾಗಿ ಮೊದಲು ಒಂದು ಆಸ್ಪತ್ರೆ ಹುಡುಕಿ, ಆಮೇಲೆ ಅರ್ಜಿ. ಅದು ಖಾಸಗಿಯಾಗಿದ್ದರೆ ಕೆಪಿಎಂಇ ಕಾಯ್ದೆ, ಅಂದ್ರೆ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಿರಬೇಕು. ಒಪ್ಪಂದ ಲಿಖಿತವಾಗಿರಲಿ. ಬಾಯಿಮಾತಿನ ಒಪ್ಪಿಗೆ ಅಲ್ಲಿನ ಸಿಬ್ಬಂದಿ ಬದಲಾದರೆ ಹೋಯ್ತು. ಪ್ರತಿ ವಿದ್ಯಾರ್ಥಿಗೂ ಒಂದು ಲಾಗ್‌ಬುಕ್ ಇಡಿ. ಅದರಲ್ಲಿ ತಪ್ಪುಗಳನ್ನೂ ಬರೆಸಿ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಅನ್ನುವ ರಾಸಾಯನಿಕ ಇರುತ್ತದೆ. ಅದನ್ನು ಮೊದಲು ತುಂಬಿಸಿ ಆಮೇಲೆ ಕೆಂಪು ಮುಚ್ಚಳದ್ದಕ್ಕೆ ಹೋದರೆ, ಇಡಿಟಿಎ ಸ್ವಲ್ಪ ಸೇರಿಕೊಂಡರೂ ರಿಪೋರ್ಟಿನಲ್ಲಿ ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ. ಮೆಷೀನ್ ಸರಿ ಇದ್ದರೂ ರಿಪೋರ್ಟ್ ತಪ್ಪು. ಅದನ್ನು ನಂಬಿ ಡಾಕ್ಟರ್ ಔಷಧ ಬದಲಿಸಿದರೆ? ರಕ್ತ ತೆಗೆಯುವುದು ಸುಮ್ನೆ ಚುಚ್ಚುವ ಕೆಲಸ ಅಂದುಕೊಂಡವರಿಗೆ ಇದು ಗೊತ್ತೇ ಇರುವುದಿಲ್ಲ.

ಇನ್ನೊಂದು ಮಾತು, ಹೆಪಟೈಟಿಸ್ ಬಿ ಲಸಿಕೆ. ಮಾಮೂಲಿ ಮೂರು ಡೋಸ್ ಮುಗಿಯಲು ಆರು ತಿಂಗಳು ಬೇಕು, ನಿಮ್ಮ ಕೋರ್ಸ್ ಅದಕ್ಕಿಂತ ಚಿಕ್ಕದು. ಹಾಕಿಸಿಕೊಳ್ಳದ ಮಕ್ಕಳಿಗೆ ಸೇರಿದ ದಿನವೇ ಮೊದಲ ಡೋಸ್ ಹಾಕಿಸಿ. ಸೂಜಿಗಳು ಚುಚ್ಚದಂಥ ಬಿಳಿ ಡಬ್ಬಕ್ಕೇ ಹೋಗಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ತರಬೇತಿಯ ಕೋಣೆಗೂ ಅನ್ವಯ ಅಂತಲೇ ನಡೆದುಕೊಳ್ಳಿ.

ಇನ್ನೊಬ್ಬರ ಪ್ರಶ್ನೆ: ಅಕ್ಕಾ, ನಾನು ಪಿಯುಸಿ ಮುಗಿಸಿದ್ದೇನೆ. ಇಂಥ ಕೋರ್ಸ್ ಮಾಡಿದರೆ ಲ್ಯಾಬ್ ಟೆಕ್ನಿಷಿಯನ್ ಆಗಬಹುದಾ? ಸೇರುವ ಮೊದಲು ಏನು ಕೇಳಬೇಕು?

ಉತ್ತರ: ಇಲ್ಲಮ್ಮ, ಟೆಕ್ನಿಷಿಯನ್ ಆಗಲು ಡಿಎಂಎಲ್‌ಟಿ ಅಥವಾ ಬಿಎಸ್ಸಿ ಎಂಎಲ್‌ಟಿ ಓದಬೇಕು. ಇದರಿಂದ ಸ್ಯಾಂಪಲ್ ತೆಗೆಯುವ ಕೆಲಸ ಸಿಗುತ್ತದೆ. ಅದೂ ಗೌರವದ ಕೆಲಸವೇ. ಸೇರುವ ಮೊದಲು ಮೂರು ಮಾತು ಕೇಳು: ಸರ್ಟಿಫಿಕೇಟ್ ಕೊಡುವವರು ಯಾರು? ಪ್ರಾಕ್ಟಿಕಲ್ ಯಾವ ಆಸ್ಪತ್ರೆಯಲ್ಲಿ? ಎಷ್ಟು ಜನರ ರಕ್ತ ನನ್ನ ಕೈಯಾರೆ ತೆಗೆಸುತ್ತೀರಿ? ಉತ್ತರ ಕೊಡಲು ತಡವರಿಸಿದರೆ ಫೀಸ್ ಕಟ್ಟಬೇಡ.