‘ಮುರಿದಿಲ್ಲ’ ಬೇರೆ, ‘ಮುರಿದದ್ದು ಕಂಡಿಲ್ಲ’ ಬೇರೆ: ಮೊಣಕೈ ಎಕ್ಸ್‌ರೇಗೆ ಕೆಲವು ಪದಗಳು ಬೇಕು

ಗೆಳೆಯರೆ, ನಮಸ್ಕಾರ.

ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದದ ಪ್ರಶ್ನೆ, ಬೇಜಾರು ಮಾಡಿಕೊಳ್ಳಬೇಡಿ.

ಹೋದ ತಿಂಗಳು ಅಕ್ಕನ ಮಗನನ್ನು ದುರ್ಗದ ಕೋಟೆಗೆ ಕರೆದುಕೊಂಡು ಹೋಗಿದ್ದೆ. ಆರು ವರ್ಷದ ಹುಡುಗ. ಓಬವ್ವನ ಕಿಂಡಿ ನೋಡಿ ವಾಪಸ್ ಬರುವಾಗ ಬಂಡೆ ಮೇಲೆ ಜಾರಿ ಕೈ ಊರಿಕೊಂಡು ಬಿದ್ದ. ಮೊಣಕೈ ಬಾತುಕೊಂಡಿತು. ಊರಿಗೆ ಬಂದು ಎಕ್ಸ್‌ರೇ ತೆಗೆಸಿದೆವು. ಕೈ ಚಾಚಿಸಿ ಒಂದು, ಮಡಚಿಸಿ ಪಕ್ಕದಿಂದ ಒಂದು. ವರದಿಯಲ್ಲಿ ಎರಡೇ ಸಾಲು: ಪೋಸ್ಟೀರಿಯರ್ ಫ್ಯಾಟ್ ಪ್ಯಾಡ್ ಪಾಸಿಟಿವ್, ಫ್ರ್ಯಾಕ್ಚರ್ ನಾಟ್ ಸೀನ್. ಡಾಕ್ಟರು ಸ್ಲ್ಯಾಬ್ ಹಾಕಿ ಕೊರಳಿಗೆ ಜೋಲಿ ಕಟ್ಟಿ ಕಳಿಸಿದರು.

ಮನೆಗೆ ಬಂದ ಕೂಡಲೇ ನಮ್ಮವ್ವನ ತಕರಾರು. “ಮುರಿದಿಲ್ಲ ಅಂತಾರೆ, ಮತ್ತೆ ಕಟ್ಟು ಯಾಕೆ? ಉಳುಕಿರ್ತದೆ, ತೆಗೆಸಿದ್ರೆ ಹೋಗ್ತದೆ.”

ಮುಂದಿನ ಸಲ ಡಾಕ್ಟರಿಗೆ ಇದನ್ನು ಹೇಳಿದೆ. ಅವರು ನಕ್ಕರು. “ಎಲ್ಲರೂ ಇದನ್ನೇ ಕೇಳ್ತಾರೆ ಮೇಷ್ಟ್ರೇ. ನೀವು ಕನ್ನಡ ಪಾಠ ಮಾಡೋರಲ್ವಾ, ಅರ್ಧ ಪುಟ ಬರೆದುಕೊಡಿ, ಗೋಡೆಗೆ ಅಂಟಿಸ್ತೀನಿ” ಅಂದರು. ಒಪ್ಪಿಕೊಂಡು ಬಂದೆ. ಬರೆಯಲು ಕೂತಾಗ ಗೊತ್ತಾಯಿತು, ಅರ್ಧ ಪುಟ ಅಷ್ಟು ಸಲೀಸಲ್ಲ.

ಮೊದಲು ವಿಷಯ ಹೇಳಿಬಿಡುತ್ತೇನೆ. ರಟ್ಟೆಯ ಎಲುಬಿನ ಕೆಳತುದಿಯಲ್ಲಿ, ಹಿಂಭಾಗಕ್ಕೆ, ಒಂದು ಗುಳಿ ಇದೆ. ಅದರೊಳಗೆ ಚೂರು ಕೊಬ್ಬು ಕೂತಿರುತ್ತದೆ. ವರದಿಯ ‘ಪೋಸ್ಟೀರಿಯರ್ ಫ್ಯಾಟ್ ಪ್ಯಾಡ್’ ಅಂದರೆ ಇದೇ. ಸರಿಯಿರುವ ಮೊಣಕೈಯನ್ನು ಮಡಚಿ ಪಕ್ಕದಿಂದ ಎಕ್ಸ್‌ರೇ ತೆಗೆದರೆ ಈ ಕೊಬ್ಬು ಕಾಣುವುದಿಲ್ಲ, ಗುಳಿಯಲ್ಲಿ ಅಡಗಿರುತ್ತದೆ. ಎಲುಬು ಬಿರುಕು ಬಿಟ್ಟು ಕೀಲಿನೊಳಗೆ ರಕ್ತ ತುಂಬಿದರೆ ಅದು ಕೊಬ್ಬನ್ನು ಹೊರಕ್ಕೆ ತಳ್ಳುತ್ತದೆ. ಆಗ ಎಲುಬಿನ ಹಿಂದೆ ಒಂದು ಕಪ್ಪು ಪಟ್ಟೆ ಕಾಣುತ್ತದೆ. ಎಕ್ಸ್‌ರೇಯಲ್ಲಿ ಎಲುಬು ಬಿಳಿ, ಮಾಂಸ ಬೂದು, ಕೊಬ್ಬು ಅದಕ್ಕಿಂತ ಕಪ್ಪು. ಅಂದರೆ ಬಿರುಕು ಕಣ್ಣಿಗೆ ಬಿದ್ದಿಲ್ಲ, ಅದು ಮಾಡಿದ ಕೆಲಸ ಕಣ್ಣಿಗೆ ಬಿದ್ದಿದೆ. ದೊಡ್ಡವರಲ್ಲಿ ಹೀಗೆ ಕಂಡರೆ ಮುಂಗೈಯ ಹೆಬ್ಬೆರಳ ಕಡೆಯ ಎಲುಬಿನ ತಲೆ ಬಿರುಕು ಬಿಟ್ಟಿರಬಹುದೆಂದು ಅನುಮಾನ. ಮಕ್ಕಳಲ್ಲಿ ರಟ್ಟೆ ಎಲುಬಿನ ಕೆಳತುದಿಯ ಮೇಲೆಯೇ ಹೆಚ್ಚು ಅನುಮಾನ.

ಇದನ್ನು ನಮ್ಮವ್ವನಿಗೂ ವಿವರಿಸಿದೆ. “ಕೊಬ್ಬು ಮೇಲಕ್ಕೆದ್ದು ಕಾಣ್ತಿದೆ ಅಂತವ್ವ” ಅಂದೆ. “ಅವನಿಗೆ ಕೊಬ್ಬು ಮೊದಲಿಂದಲೂ ಜಾಸ್ತೀನೇ, ಅದಕ್ಕೆ ಎಕ್ಸ್‌ರೇ ಬೇರೆ ಬೇಕಿತ್ತಾ” ಅಂದಳು. ಹಾಗಾಗಿ ಗೋಡೆಯ ಹಾಳೆಯಲ್ಲಿ ಬರೀ ‘ಕೊಬ್ಬು’ ಅಂತ ಬರೆಯಲು ಧೈರ್ಯ ಸಾಲದು. ‘ಕೊಬ್ಬಿನ ಮೆತ್ತೆ’ ಅಂತ ಹಾಕಿದ್ದೇನೆ. ನಡೆಯುತ್ತದೆಯೇ?

ಮುಂಭಾಗದಲ್ಲೂ ಇಂಥದೇ ಮೆತ್ತೆ ಇದೆ. ಅದು ಸರಿಯಿರುವ ಕೈಯಲ್ಲೂ ತೆಳ್ಳಗೆ ಕಾಣಬಹುದು. ರಕ್ತ ತುಂಬಿದರೆ ಮೂರು ಮೂಲೆಯಾಗಿ ಉಬ್ಬುತ್ತದೆ. ಇಂಗ್ಲಿಷ್‌ನಲ್ಲಿ ಇದಕ್ಕೆ ಸೇಲ್ ಸೈನ್ ಅನ್ನುತ್ತಾರೆ, ದೋಣಿಯ ಹಾಯಿಯ ಹಾಗೆ ಇರುವುದರಿಂದ. ಕರಾವಳಿಯವರಿಗೆ ‘ಹಾಯಿ’ ಸರಿ. ನಮ್ಮ ಕಡೆ ಹಾಯಿ ಕಂಡವರು ಯಾರಿದ್ದಾರೆ? ನಾಯಕನಹಟ್ಟಿ ಜಾತ್ರೆಯ ಮುಕ್ತಿ ಬಾವುಟದ ಹರಾಜು ಇಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೇ ‘ಬಾವುಟದ ಗುರುತು’ ಅಂತ ಬರೆಯುವ ಆಸೆ. ನನ್ನ ಪ್ರಕಾರ ಅದೇ ಸರಿ. ಒಪ್ಪದವರು ಜಗಳಕ್ಕೆ ಬನ್ನಿ.

ಈಗ ನಿಜವಾದ ಕಷ್ಟ. ‘ನಾಟ್ ಸೀನ್’ ಅನ್ನುವುದಕ್ಕೆ ಏನು ಬರೆಯುವುದು?

‘ಮುರಿದಿಲ್ಲ’ ಅಂದರೆ ಸುಳ್ಳಾಗುತ್ತದೆ. ‘ಮುರಿದ ಹಾಗೆ ಕಾಣುತ್ತಿಲ್ಲ’ ಅಂದರೆ ಇನ್ನೂ ಕೆಟ್ಟದ್ದು. ನಮ್ಮ ‘ಕಾಣು’ಗೆ ಎರಡು ಮುಖ ಇದೆಯಲ್ವಾ. ‘ಮೋಡ ಇಲ್ಲ, ಮಳೆ ಬರುವ ಹಾಗೆ ಕಾಣುತ್ತಿಲ್ಲ’ ಅನ್ನುವಾಗ ಮಳೆ ಬರುವುದಿಲ್ಲ ಅಂತಲೇ ಅರ್ಥ. ‘ಕನ್ನಡಕ ಕಾಣುತ್ತಿಲ್ಲ’ ಅನ್ನುವಾಗ ಕನ್ನಡಕ ಇದೆ, ಎಲ್ಲೋ ಇದೆ. ಡಾಕ್ಟರು ಕನ್ನಡಕದ ಅರ್ಥದಲ್ಲಿ ಹೇಳುತ್ತಾರೆ. ಮನೆಯವರು ಮಳೆಯ ಅರ್ಥದಲ್ಲಿ ಕೇಳಿಸಿಕೊಳ್ಳುತ್ತಾರೆ. ನಮ್ಮವ್ವನ ತಕರಾರು ಹುಟ್ಟಿದ್ದೇ ಅಲ್ಲಿ.

‘ಬಿರುಕು ಎಕ್ಸ್‌ರೇಗೆ ಸಿಕ್ಕಿಲ್ಲ’ ಅಂತ ಬರೆದು ನೋಡಿದೆ. ಕಿವಿಗೆ ಚೆನ್ನಾಗಿದೆ. ಆದರೆ ಕಳ್ಳ ಸಿಕ್ಕಿಲ್ಲ ಅಂದರೆ ಕಳ್ಳ ಇದ್ದಾನೆ ಅಂತ ತೀರ್ಮಾನ ಆದಹಾಗೆ. ಇಲ್ಲಿ ಅದೂ ಖಚಿತ ಅಲ್ಲ. 1999ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಹೀಗೆ ಬಿರುಕು ಕಾಣದೆ ಹಿಂದಿನ ಮೆತ್ತೆ ಮಾತ್ರ ಕಂಡ 45 ಮಕ್ಕಳನ್ನು ಗಮನಿಸಿದ್ದರು. ಅವರಲ್ಲಿ 34 ಮಕ್ಕಳಿಗೆ ಮುರಿತ ಇದ್ದದ್ದು ಆಮೇಲೆ ತಿಳಿಯಿತು. ‘ಸಿಕ್ಕಿಲ್ಲ’ ಅಂತ ಬರೆದರೆ ಉಳಿದ 11 ಮಕ್ಕಳ ವಿಷಯದಲ್ಲಿ ನನ್ನ ಕನ್ನಡ ತಪ್ಪಾಗುತ್ತದೆ. ‘ಮುರಿದಿರಲೂಬಹುದು’ ಹೇಗೆ? ನನಗೆ ಅದು ಸ್ವಲ್ಪ ಸಪ್ಪೆ ಅನಿಸುತ್ತದೆ. 45ರಲ್ಲಿ 34 ಅಂದರೆ ‘ಲೂಬಹುದು’ ಸಾಲುವುದಿಲ್ಲ.

ಇನ್ನೊಂದು ಪದ. ಮಕ್ಕಳ ಮೊಣಕೈ ಮೊದಲು ಬಹುಪಾಲು ಎಳೆ ಎಲುಬು, ತಿಂದರೆ ಕರುಂ ಅನ್ನುವಂಥದು. ಅದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಅದರೊಳಗೆ ಆರು ಕಡೆ ಗಟ್ಟಿ ಎಲುಬು ಒಂದೊಂದಾಗಿ ಮೂಡುತ್ತದೆ. ಸುಮಾರು 1, 3, 5, 7, 9, 11ನೇ ವರ್ಷಕ್ಕೆ ಅಂತ ಡಾಕ್ಟರುಗಳು ನೆನಪಿಟ್ಟುಕೊಳ್ಳುತ್ತಾರೆ. ಹೆಣ್ಣುಮಕ್ಕಳಲ್ಲಿ ಸ್ವಲ್ಪ ಬೇಗ. ಆರು ವರ್ಷದ ನಮ್ಮ ಹುಡುಗನ ಎಕ್ಸ್‌ರೇಯಲ್ಲಿ ಮೂರು ಚುಕ್ಕೆ ಬಿಡಿಬಿಡಿಯಾಗಿ ತೇಲುತ್ತಿದ್ದವು. ನಾನಂತೂ ಎಲುಬು ಮೂರು ಚೂರಾಗಿದೆ ಅಂತ ಗಾಬರಿಬಿದ್ದಿದ್ದೆ. ಈ ಚುಕ್ಕೆಗಳಿಗೆ ಪಠ್ಯದ ಭಾರದ ಪದ ಬೇಡ. ‘ಎಲುಬಿನ ಮೊಳಕೆ’ ಅನ್ನಬಹುದಾ?

ಒಂದು ಕಡೆ ಮಾತ್ರ ಕನ್ನಡ ಗೆದ್ದಿದೆ. ಚಾಚಿದ ಕೈ ಮೇಲೆ ಭಾರ ಬಿದ್ದು ಆಗುವ ಪೆಟ್ಟಿಗೆ ಇಂಗ್ಲಿಷ್ ಡಾಕ್ಟರುಗಳು ನಾಲ್ಕೈದು ಪದ ಸೇರಿಸಿ, ಅದರ ಮೊದಲ ಅಕ್ಷರ ಹಿಡಿದು ‘ಫೂಶ್’ ಅಂತ ಕರೆಯುತ್ತಾರೆ. ನಾವು ‘ಕೈ ಊರಿ ಬಿದ್ದ’ ಅಂದರೆ ಮುಗಿಯಿತು.

‘ಕ್ಷ-ಕಿರಣ’ ಬಳಸಿ ಅಂತ ದಯವಿಟ್ಟು ಯಾರೂ ಹೇಳಬೇಡಿ. ಗೋಡೆ ಮುಂದೆ ನಿಂತು ಓದುವವರಿಗೆ ‘ಎಕ್ಸ್‌ರೇ’ನೇ ಕನ್ನಡ. ಕಿಟೆಲ್ ನಿಘಂಟು ಬಂದದ್ದು 1894ರಲ್ಲಿ, ರಾಂಟ್‌ಗೆನ್ ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. ಕಿಟೆಲ್ ಸಾಹೇಬರು ಒಂದು ವರ್ಷ ತಡ ಮಾಡಿದ್ದರೆ ಅವರನ್ನೇ ಕೇಳಬಹುದಿತ್ತು!

ಕೊನೆಗೆ, ‘ಮೊಣಕೈ’ ಬರೆಯಲೋ ‘ಮೊಳಕೈ’ ಬರೆಯಲೋ? ಹೂವಿನವಳು ಮೊಳ ಹಾಕುವುದು ಮೊಣಕೈಯಿಂದ ಬೆರಳ ತುದಿಗೆ. ತಮಿಳಿನಲ್ಲಿ ಮೊಳಕ್ಕೆ ‘ಮುೞಂ’, ಮೊಣಕೈಗೆ ‘ಮುೞಂಗೈ’. ನಂಟು ಇದ್ದೇ ಇದೆ. ನಮ್ಮ ಮನೆಯಲ್ಲಿ ಎರಡೂ ಕೇಳುತ್ತದೆ. ನಿಮ್ಮ ಕಡೆ ಯಾವುದು, ತಿಳಿಸಿ.

ಎರಡು ವಾರಕ್ಕೆ ಮತ್ತೆ ತೆಗೆದ ಎಕ್ಸ್‌ರೇಯಲ್ಲಿ ಎಲುಬಿನ ಅಂಚಿಗೆ ಹೊಸ ಎಲುಬಿನ ತೆಳು ಗೆರೆ ಕಂಡಿತು. ಮುರಿದೇ ಇತ್ತು, ಕೂಡಿಕೊಳ್ಳುತ್ತಿದೆ. ನಮ್ಮವ್ವ ಆ ಗೆರೆ ನೋಡಿ, “ಇದನ್ನ ಮೊದಲೇ ಹೇಳೋಕೆ ಏನಾಗಿತ್ತು” ಅಂದಳು. ಸೋಮವಾರ ಹಾಳೆ ಪ್ರಿಂಟಿಗೆ ಕೊಡಬೇಕು. ಅಷ್ಟರೊಳಗೆ ‘ನಾಟ್ ಸೀನ್’ಗೆ ಒಂದು ಪದ ಹುಡುಕಿಕೊಡಿ.