ಆನ್‌ಲೈನ್‌ನಲ್ಲಿ ಎಲ್ಲರ ಸಂಬಳ, ಆಸ್ತಿ ನೋಡಿ ನಾನು ಹಿಂದೆ ಬಿದ್ದಿದ್ದೇನೆ ಅನಿಸುತ್ತಿದೆ. ಈ ಅಂಕಿಗಳನ್ನು ಎಷ್ಟು ನಂಬಬೇಕು?

ನಾಗರಭಾವಿ_32

ಎಲ್ಲರಿಗೂ ನಮಸ್ಕಾರ. ವಯಸ್ಸು 32, ಊರು ಹಾಸನದ ಹತ್ತಿರ. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದವನು ಇಲ್ಲೇ ಉಳಿದೆ. ಒಂದು ಸರ್ವಿಸ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ, ಸಿಟಿಸಿ (ಕಂಪನಿ ನನ್ನ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು) 14 ಲಕ್ಷ. ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್, ತಿಂಗಳಿಗೆ 28 ಸಾವಿರ. ನಾಗರಭಾವಿಯಲ್ಲಿ 21 ಸಾವಿರ ಬಾಡಿಗೆ. ಎಜುಕೇಶನ್ ಲೋನ್ ತೀರಿದೆ, ತಂಗಿ ಮದುವೆಗೆ ಮಾಡಿದ ಸಾಲವೂ ಹೋದ ವರ್ಷ ಮುಗಿಯಿತು. ಪಿಎಫ್, ಮ್ಯೂಚುವಲ್ ಫಂಡ್, ಬ್ಯಾಂಕಿನಲ್ಲಿ ಇರೋದು ಎಲ್ಲ ಸೇರಿಸಿದರೆ 19 ಲಕ್ಷ ಆಗಬಹುದು.

ಮೊದಲು ಇದರ ಬಗ್ಗೆ ಯೋಚನೆಯೇ ಇರಲಿಲ್ಲ. ಈಗ ಕೆಲವು ತಿಂಗಳಿಂದ ರಾತ್ರಿ ಊಟ ಆದ ಮೇಲೆ ರೆಡಿಟ್ ತೆಗೆದರೆ ಸಾಕು, 29 ವರ್ಷಕ್ಕೆ 1.8 ಕೋಟಿ ನೆಟ್‌ವರ್ತ್ (ಸಾಲ ಕಳೆದು ಉಳಿಯುವ ಒಟ್ಟು ಆಸ್ತಿ), 31ಕ್ಕೆ 60 ಲಕ್ಷ ಪ್ಯಾಕೇಜ್, ಎಚ್‌ಎಸ್‌ಆರ್‌ನಲ್ಲಿ ಸ್ವಂತ ಫ್ಲ್ಯಾಟು, ಕೊನೆಗೆ "ಇಷ್ಟು ಸಾಕಾ?" ಅಂತ ಪ್ರಶ್ನೆ ಬೇರೆ. ಕೆಳಗೆ ಕಾಮೆಂಟಿನಲ್ಲಿ ಅವರಿಗಿಂತ ಜಾಸ್ತಿ ಇರುವವರು. ಓದಿ ಮಲಗಿದರೆ ನಿದ್ದೆ ಬರೋದಿಲ್ಲ. ಹೆಂಡತಿ ನೋಡೋದನ್ನೇ ಬಿಡಿ ಅನ್ನುತ್ತಾಳೆ. ನನಗೆ ತಿಳಿಯಬೇಕಾಗಿರೋದು ಇಷ್ಟೇ: ಈ ಅಂಕಿಗಳು ನಿಜಾನಾ? ನಿಜ ಆದರೆ ನನ್ನಂಥವನು ಯಾರ ಜೊತೆ ಹೋಲಿಸಿಕೊಳ್ಳಬೇಕು?

ವಿಜಯನಗರ_ಲೆಕ್ಕ

ನಾನು ಟ್ಯಾಕ್ಸ್ ಕನ್ಸಲ್ಟೆಂಟ್. ಜುಲೈ ತಿಂಗಳೆಲ್ಲ ಜನರ ಫಾರ್ಮ್ 16 (ಸಂಬಳ, ತೆರಿಗೆ ಬರೆದು ಕಂಪನಿ ಕೊಡುವ ಕಾಗದ) ನೋಡೋದೇ ಕೆಲಸ. ಬಾಯಲ್ಲಿ ಹೇಳುವ ಸಂಬಳ ಒಂದು, ಕಾಗದದಲ್ಲಿ ಇರುವುದು ಇನ್ನೊಂದು. ಬಹಳ ಸಲ ಅದರಲ್ಲಿ ಸುಳ್ಳು ಇರೋದಿಲ್ಲ. ಒಬ್ಬರು ಸಿಟಿಸಿ ಹೇಳುತ್ತಾರೆ, ಒಬ್ಬರು ಕೈಗೆ ಬರೋದನ್ನು ಹೇಳುತ್ತಾರೆ, ಓದುವವರು ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ನಿಮ್ಮದನ್ನೇ ತೆಗೆದುಕೊಳ್ಳಿ. 14 ಲಕ್ಷವನ್ನು 12ರಿಂದ ಭಾಗಿಸಿದರೆ ತಿಂಗಳಿಗೆ 1,16,000 ಚಿಲ್ಲರೆ. ಈಗ ಬೇಸಿಕ್ ಅಂದರೆ ಮೂಲ ಸಂಬಳ 40%, ವೇರಿಯಬಲ್ ಅಂದರೆ ಕೆಲಸ ನೋಡಿ ಕೊಡುವ ಭಾಗ 10% ಇದೆ ಎಂದಿಟ್ಟುಕೊಳ್ಳೋಣ. ವೇರಿಯಬಲ್ 1.4 ಲಕ್ಷ ಬಂದಾಗ ಬಂತು. ಕಂಪನಿ ಕಟ್ಟುವ ಪಿಎಫ್ ವರ್ಷಕ್ಕೆ 67 ಸಾವಿರ, ಗ್ರಾಚ್ಯುಟಿ ಬೇಸಿಕ್‌ನ 4.81% ಅಂದರೆ ಸುಮಾರು 27 ಸಾವಿರ, ಇವೆರಡೂ ಸಿಟಿಸಿ ಒಳಗೇ ಕೂತಿರುತ್ತವೆ. ಉಳಿದದ್ದರಲ್ಲಿ ನಿಮ್ಮ ಪಾಲಿನ ಪಿಎಫ್ 5,600, ಪ್ರೊಫೆಷನಲ್ ಟ್ಯಾಕ್ಸ್ 200 ಹೋದರೆ ಕೈಗೆ ಬರೋದು 91 ಸಾವಿರದ ಹತ್ತಿರ. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದವರಿಗೆ 12.75 ಲಕ್ಷದವರೆಗೆ ತೆರಿಗೆ ಇಲ್ಲ, ಹಾಗಾಗಿ ವೇರಿಯಬಲ್ ಪೂರ್ತಿ ಬಂದರೆ ಮಾತ್ರ ನಿಮಗೆ ಸ್ವಲ್ಪ ತೆರಿಗೆ ಬೀಳುತ್ತದೆ. ಅಂದರೆ ನಿಮ್ಮ 14 ಲಕ್ಷವೇ ಎರಡು ಥರ ಹೇಳಬಹುದಾದ ಅಂಕಿ, ಅಲ್ವಾ?

60 ಲಕ್ಷದ ಪ್ಯಾಕೇಜ್ ಬಿಡಿಸಿದರೆ ಇನ್ನೂ ಜಾಸ್ತಿ ಪದರ ಸಿಗುತ್ತವೆ. ಅದರಲ್ಲಿ 20 ಲಕ್ಷ ಷೇರು ರೂಪದಲ್ಲಿ ಇರಬಹುದು. ಅದು ಸಾಮಾನ್ಯವಾಗಿ ನಾಲ್ಕು ವರ್ಷದಲ್ಲಿ ಕಂತು ಕಂತಾಗಿ ಬರುತ್ತದೆ, ಎಷ್ಟೋ ಕಡೆ ಮೊದಲ ವರ್ಷ ತುಂಬುವ ಮೊದಲು ಬಿಟ್ಟರೆ ಏನೂ ಇಲ್ಲ. ಕೈಗೆ ಬಂದಾಗ ಅದೂ ಸಂಬಳವೇ, 30% ಸ್ಲ್ಯಾಬ್, ಮೇಲೆ ಸೆಸ್. ಸ್ಟಾರ್ಟಪ್ ಷೇರಾದರೆ ಮಾರುಕಟ್ಟೆಗೆ ಬರುವವರೆಗೆ ಮಾರೋದೂ ಕಷ್ಟ. ಆದರೂ ಪೋಸ್ಟ್ ಹಾಕುವಾಗ ಎಲ್ಲ ಒಟ್ಟಿಗೆ 60.

ನೆಟ್‌ವರ್ತ್ ಕಥೆ ಇದಕ್ಕಿಂತ ಕಷ್ಟ. ಫ್ಲ್ಯಾಟಿಗೆ ವೆಬ್‌ಸೈಟಿನಲ್ಲಿ ಜನ ಕೇಳುತ್ತಿರುವ ಬೆಲೆ ಹಾಕುತ್ತಾರೆ, ಅದು ಮಾರಾಟ ಆದ ಬೆಲೆ ಅಲ್ಲ. ಹೋಮ್ ಲೋನ್ ಕಳೆದಿದ್ದಾರೋ ಇಲ್ಲವೋ ಗೊತ್ತಾಗೋದಿಲ್ಲ. ಅಪ್ಪನಿಗೆ ಯಾವತ್ತೋ ಬಿಡಿಎ ಸೈಟು ಸಿಕ್ಕಿದ್ದರೆ, ಆ 30-40 ಸೈಟಿನ ಈಗಿನ ಬೆಲೆಯನ್ನೂ ತಮ್ಮ ಲೆಕ್ಕಕ್ಕೆ ಸೇರಿಸಿದವರನ್ನು ನಾನೇ ನೋಡಿದ್ದೇನೆ. ಆ ಮನೆಯ ಮಗನೂ ನೀವೂ ಒಂದೇ ಗೆರೆಯಿಂದ ಓಡೋಕೆ ಶುರು ಮಾಡಿಲ್ಲ. ನೀವು ಬಾಡಿಗೆ ಕಟ್ಟಿ, ಲೋನ್ ತೀರಿಸಿ, ತಂಗಿ ಮದುವೆ ಮಾಡಿ 19 ಲಕ್ಷ ಉಳಿಸಿದ್ದೀರಿ. ಇದನ್ನು ಹಿಂದೆ ಬೀಳೋದು ಅಂತ ನಾನು ಒಪ್ಪೋದಿಲ್ಲ.

ಹೋಲಿಸಿಕೊಳ್ಳಲೇಬೇಕು ಅಂದರೆ ದೊಡ್ಡ ಗುಂಪಿನ ಜೊತೆ ಹೋಲಿಸಿಕೊಳ್ಳಿ. ಕೇಂದ್ರ ಸರ್ಕಾರದ 2023-24ರ ಕಾರ್ಮಿಕ ಸಮೀಕ್ಷೆಯಲ್ಲಿ ದೇಶದ ತಿಂಗಳ ಸಂಬಳದವರ ಸರಾಸರಿ ಗಳಿಕೆ ಇದ್ದದ್ದು 20 ಸಾವಿರದ ಆಸುಪಾಸು. 2019ರ ಸಾಲ ಮತ್ತು ಹೂಡಿಕೆ ಸಮೀಕ್ಷೆಯಲ್ಲಿ ನಗರದ ಒಂದು ಕುಟುಂಬದ ಸರಾಸರಿ ಆಸ್ತಿ ಸುಮಾರು 27 ಲಕ್ಷ, ಅದೂ ಮನೆ, ಜಾಗ ಎಲ್ಲ ಸೇರಿ. ಸರಾಸರಿಯನ್ನು ಮೇಲಿನ ಸ್ವಲ್ಪ ಜನ ಎಳೆದು ಎತ್ತರ ಮಾಡಿರುತ್ತಾರೆ, ಸಾಲಿನ ಮಧ್ಯದಲ್ಲಿ ನಿಂತ ಕುಟುಂಬದ ಬಳಿ ಅಷ್ಟೂ ಇರೋದಿಲ್ಲ. ನಿಮಗೆ ಕಾಣಿಸುತ್ತಿರೋದು ಬರೆದುಕೊಳ್ಳಬೇಕು ಅನಿಸಿದವರು ಮಾತ್ರ. ಪೀಣ್ಯದಲ್ಲಿ ಶಿಫ್ಟ್ ಮುಗಿಸಿ ಮನೆಗೆ ಹೋಗುವವನು ತನ್ನ ನೆಟ್‌ವರ್ತ್ ಪೋಸ್ಟ್ ಮಾಡೋದಿಲ್ಲ.

ಕೋಡ್_ಮಲ್ಲಿಗೆ

ಮೇಲಿನವರ ಲೆಕ್ಕ ಸರಿಯಾಗಿದೆ. ಆದರೆ ನೋಡೋದನ್ನೇ ಬಿಡಿ ಅನ್ನೋದಕ್ಕೆ ನನ್ನ ವಿರೋಧ ಇದೆ. ನಾನು ಮೈಸೂರಿನವಳು, ಮನೆಯಲ್ಲಿ ಐಟಿಗೆ ಬಂದ ಮೊದಲ ಹುಡುಗಿ. ಯಾವ ಕೆಲಸಕ್ಕೆ ಎಷ್ಟು ಕೊಡುತ್ತಾರೆ ಅಂತ ಹೇಳೋಕೆ ಅಣ್ಣ, ಮಾವ ಯಾರೂ ಇರಲಿಲ್ಲ. ಹಿಂದಿನ ಕಂಪನಿಯಲ್ಲಿ ನನ್ನ ಜೊತೆಗೇ ಸೇರಿ, ಅದೇ ಟೀಮಿನಲ್ಲಿ ಅದೇ ಕೆಲಸ ಮಾಡುತ್ತಿದ್ದ ಹುಡುಗನಿಗೆ ನನಗಿಂತ ಜಾಸ್ತಿ ಕೊಡುತ್ತಿದ್ದರು. ಸಂಬಳದ ವಿಷಯ ಯಾರ ಹತ್ತಿರವೂ ಮಾತಾಡಬೇಡಿ ಅಂತ ಎಚ್‌ಆರ್ ಹೇಳುತ್ತಿದ್ದದ್ದು ಯಾಕೆ ಅಂತ ಆಮೇಲೆ ಅರ್ಥ ಆಯಿತು. ಆಂಬಿಷನ್‌ಬಾಕ್ಸ್, ಗ್ಲಾಸ್‌ಡೋರ್, ಲೆವೆಲ್ಸ್ ಥರದ ಸಂಬಳ ತೋರಿಸುವ ಸೈಟುಗಳಲ್ಲಿ ಗುರುತು ಪರಿಚಯ ಇಲ್ಲದವರು ಹಾಕಿದ ಅಂಕಿ ನೋಡಿಯೇ ನಾನು ಮುಂದಿನ ಇಂಟರ್‌ವ್ಯೂನಲ್ಲಿ ಧೈರ್ಯವಾಗಿ ಕೇಳಿದ್ದು, ಸಿಕ್ಕಿದ್ದು.

ಹಾಗಾಗಿ ನಾಗರಭಾವಿ ಅವರೇ, ನಿಮ್ಮದೇ ಕೆಲಸ, ನಿಮ್ಮಷ್ಟೇ ಅನುಭವ, ಬೆಂಗಳೂರು, ಫಿಕ್ಸೆಡ್ (ವೇರಿಯಬಲ್ ಬಿಟ್ಟು ಖಚಿತವಾಗಿ ಬರುವ ಸಂಬಳ) ಎಷ್ಟು ಅನ್ನೋದನ್ನು ಮಾತ್ರ ನೋಡಿ. ಆಟೊಮೇಷನ್ ಟೆಸ್ಟಿಂಗ್ ಗೊತ್ತಿದ್ದರೆ ನಿಮ್ಮ ಅನುಭವಕ್ಕೆ 14 ಕಡಿಮೆ ಅಂತಲೇ ನನ್ನ ಅಭಿಪ್ರಾಯ, ನಾಲ್ಕು ಕಡೆ ಅಪ್ಲೈ ಮಾಡಿ. ಬೇರೆಯವರ ನೆಟ್‌ವರ್ತ್ ಇದೆಯಲ್ಲ, ಅದನ್ನು ಹಿಡಿದುಕೊಂಡು ಹೋಗಿ ಯಾವ ಮ್ಯಾನೇಜರ್ ಹತ್ತಿರವೂ ಏನೂ ಕೇಳೋಕೆ ಆಗೋದಿಲ್ಲ. ಅದನ್ನು ಓದೋದು ಸುಮ್ನೆ ಹೊಟ್ಟೆ ಉರಿಸಿಕೊಳ್ಳೋದಕ್ಕೆ.

ಬಸವನಗುಡಿ_ಓದುಗ

ಈ ಹೊಟ್ಟೆ ಉರಿಯ ಬಗ್ಗೆ ಅರ್ಥಶಾಸ್ತ್ರದವರು ಅಳೆದು ನೋಡಿದ್ದಾರೆ. ನಾರ್ವೆಯಲ್ಲಿ ಜನರ ತೆರಿಗೆ ದಾಖಲೆ ಮೊದಲಿಂದಲೂ ಸಾರ್ವಜನಿಕವೇ, ಆದರೆ ಕಚೇರಿಗೆ ಹೋಗಿ ನೋಡಬೇಕಿತ್ತು. 2001ರಲ್ಲಿ ಅದು ಇಂಟರ್‌ನೆಟ್‌ಗೆ ಬಂತು. ಪಕ್ಕದ ಮನೆಯವನ ಆದಾಯ ಎಷ್ಟು ಅಂತ ಯಾರು ಬೇಕಾದರೂ ಹುಡುಕಬಹುದಾಯಿತು. ಪೆರೆಜ್ ಟ್ರುಗ್ಲಿಯಾ ಅನ್ನುವವರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಮೇಲೆ ಹೆಚ್ಚು ಆದಾಯದವರಿಗೂ ಕಡಿಮೆ ಆದಾಯದವರಿಗೂ ಸಂತೋಷದಲ್ಲಿ ಇದ್ದ ಅಂತರ 29% ಜಾಸ್ತಿ ಆಯಿತು. ಯಾರ ಸಂಬಳವೂ ಬದಲಾಗದಿದ್ದರೂ! 2014ರಲ್ಲಿ ನಿಯಮ ಬದಲಾಯಿತು, ನಿಮ್ಮ ಆದಾಯ ಯಾರು ಹುಡುಕಿದರು ಅಂತ ನಿಮಗೆ ಗೊತ್ತಾಗುವ ಹಾಗೆ ಮಾಡಿದರು. ತಕ್ಷಣ ಹುಡುಕುವವರ ಸಂಖ್ಯೆ ಭಾರಿ ಇಳಿಯಿತು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೌಕರರ ಮೇಲೂ ಇಂಥ ಅಧ್ಯಯನ ಆಗಿದೆ, 2012ರಲ್ಲಿ ಪ್ರಕಟವಾಯಿತು. ಸಹೋದ್ಯೋಗಿಗಳ ಸಂಬಳ ನೋಡಬಹುದಾದ ವೆಬ್‌ಸೈಟ್ ಇದೆ ಅಂತ ಕೆಲವರಿಗೆ ಮಾತ್ರ ತಿಳಿಸಿದರು. ತಮ್ಮ ವಿಭಾಗದಲ್ಲಿ ಮಧ್ಯದ ಸಂಬಳಕ್ಕಿಂತ ಕಡಿಮೆ ಇದ್ದವರ ಸಮಾಧಾನ ಕಡಿಮೆ ಆಯಿತು. ಮೇಲೆ ಇದ್ದವರಿಗೆ ಖುಷಿ ಜಾಸ್ತಿಯೇನೂ ಆಗಲಿಲ್ಲ. ಗಮನಿಸಿ, ಇವೆರಡೂ ಕಡೆ ಅಂಕಿ ನಿಜವಾದದ್ದು, ಸರ್ಕಾರದ ದಾಖಲೆ. ನಾವು ಓದುತ್ತಿರುವುದಕ್ಕೆ ಆ ಗ್ಯಾರಂಟಿಯೂ ಇಲ್ಲ. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಇಲ್ಲಿ ಬೆಟ್ಟ ಇದೆಯೋ ಇಲ್ಲವೋ ಅನ್ನೋದೇ ತಿಳಿಯದು.

ಎಚ್ಚರ_ಗುರು

ಒಂದೇ ಮಾತು. ನಿಮ್ಮ ಅಂಕಿ ಹಾಕುವಾಗ ಪೇಸ್ಲಿಪ್ ಅಥವಾ ಡಿಮ್ಯಾಟ್ ಸ್ಕ್ರೀನ್‌ಶಾಟ್ ಹಾಕಬೇಡಿ, ಅದರಲ್ಲಿ ಪ್ಯಾನ್, ಯುಎಎನ್ (ಪಿಎಫ್ ಖಾತೆ ನಂಬರ್) ಥರದ ವಿವರ ಇರಬಹುದು. ಇಂಥ ಪೋಸ್ಟ್ ಹಾಕಿದವರನ್ನು ಹುಡುಕಿ ಮೆಸೇಜ್ ಮಾಡಿ, ಹಣ ಬೆಳೆಸಿಕೊಡುತ್ತೇವೆ ಬನ್ನಿ ಅಂತ ಟೆಲಿಗ್ರಾಂ ಗುಂಪಿಗೆ ಸೇರಿಸುವವರು ಬಹಳ ಇದ್ದಾರೆ. ಯಾರಾದರೂ ದುಡ್ಡು ಕಳೆದುಕೊಂಡಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನಾಗರಭಾವಿ_32

ಎಲ್ಲರಿಗೂ ಧನ್ಯವಾದ. ಮಲ್ಲಿಗೆ ಮೇಡಂ, ಆಟೊಮೇಷನ್ ಗೊತ್ತಿದೆ, ಈ ವಾರವೇ ರೆಸ್ಯೂಮೆ ಸರಿ ಮಾಡುತ್ತೇನೆ. ಲೆಕ್ಕದ ಸಾರ್, ಇನ್ನೊಂದು ಕೇಳಬೇಕು. ನನಗೋಸ್ಕರವೇ ಸರಿಯಾಗಿ ಒಂದು ಲೆಕ್ಕ ಬರೆದಿಟ್ಟುಕೊಳ್ಳೋಣ ಅಂತಿದ್ದೇನೆ. ಊರಲ್ಲಿ ಅಪ್ಪನ ಹೆಸರಲ್ಲಿ ಎರಡು ಎಕರೆ ಇದೆ, ಹೆಂಡತಿಯ ಒಡವೆ ಇದೆ, ಇಲ್ಲಿ ಮನೆಗೆ ಕೊಟ್ಟ ಅಡ್ವಾನ್ಸ್ ಇದೆ. ಇವನ್ನೆಲ್ಲ ಹಿಡಿಯಬೇಕಾ?

ವಿಜಯನಗರ_ಲೆಕ್ಕ

ಜಮೀನು ಬಿಡಿ, ನಿಮಗೂ ತಂಗಿಗೂ ಪಾಲಾಗಿ ನಿಮ್ಮ ಹೆಸರಿಗೆ ಖಾತೆ ಆಗುವವರೆಗೆ ಅದು ಅಪ್ಪನದ್ದು. ಒಡವೆ ಹಿಡಿಯಿರಿ, ಆದರೆ ಕೂಲಿ, ವೇಸ್ಟೇಜ್ ಬಿಟ್ಟು ಬರೀ ಚಿನ್ನದ ತೂಕಕ್ಕೆ, ಮತ್ತು ಅದು ಹೆಂಡತಿಯ ಹೆಸರಿನ ಕಾಲಂನಲ್ಲಿ ಇರಲಿ. ಅಡ್ವಾನ್ಸ್ ಕೂಡ ಹಿಡಿಯಿರಿ. ಪೇಂಟಿಂಗ್‌ಗೆ ಅಂತ ಓನರ್ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರೆ, ಅದನ್ನು ಈಗಲೇ ಕಳೆದು ಬರೆಯಿರಿ.